ತವುಡಿಗೆ ಬಂದ ಹೆಸರು

ಮಗ ಹುಟ್ಟಿದ ಸುದ್ದಿ ಬಂದಾಗ ನಾನು ನಂಜನಗೂಡಿನ ರೈಲು ಗೋದಾಮಿನಲ್ಲಿ ಬಾಳೆಗೊನೆ ತುಂಬಿಸುತ್ತಿದ್ದೆ. ಹೆಂಡತಿ ಹೆರಿಗೆಗೆ ಹೋಗಿದ್ದ ನರಸೀಪುರದಿಂದ ಬಂದ ಗಾಡಿಯವನು ಹೊರಗಿನಿಂದಲೇ ಕೂಗಿದ: “ಸಾ, ಗಂಡ್ಕೂಸು! ತಾಯಿ ಕೂಸು ಇಬ್ರೂ ಸೆಂದಾಗವ್ರೆ!” ತಾಯಿಗೆ ಹೇಳಲು ನಾನು ಮನೆಗೆ ಓಡಿದೆ. ದಾರಿಯಲ್ಲಿ ಎದುರಾದವರಿಗೆಲ್ಲ ಹೇಳಿದೆ. ಗುರುತಿಲ್ಲದ ಇಬ್ಬರಿಗೂ ಹೇಳಿದೆ. ಮೊದಲು ಹುಟ್ಟಿದ್ದ ಎರಡು ಕೂಸುಗಳು ತಿಂಗಳು ತುಂಬುವ ಮೊದಲೇ ಹೋಗಿದ್ದವು. ಹಾಗಾಗಿ ಆ ಓಟದಲ್ಲಿ ಹೆದರಿಕೆಯೂ ಇತ್ತು.

ನನ್ನ ಹೆಂಡತಿಯ ಮನೆಮಾತು ತಮಿಳು. ಅವಳ ತಂದೆ ಕೊಯಮತ್ತೂರು ಕಡೆಯಿಂದ ಬಂದು ನರಸೀಪುರದಲ್ಲಿ ಬಟ್ಟೆ ಅಂಗಡಿ ಇಟ್ಟವರು. ಕುಲ ಒಂದೇ ಎಂದು ಸಂಬಂಧ ಬೆಳೆದಿತ್ತು. ಆದರೆ ಸಾರಿನ ಹುಳಿಯಿಂದ ಸೀರೆ ಉಡುವ ರೀತಿಯವರೆಗೆ ನನ್ನ ತಾಯಿಗೂ ಅತ್ತೆಗೂ ಒಂದೂ ಹೊಂದುತ್ತಿರಲಿಲ್ಲ.

ಹನ್ನೊಂದನೆಯ ದಿನಕ್ಕೆ ನಾವು ನರಸೀಪುರಕ್ಕೆ ಹೊರಟಾಗ ತಾಯಿ ಗಾಡಿಯಲ್ಲಿ ಒಂದು ಮೊರ, ಒಂದು ಗಂಟು ತವುಡು ಇಟ್ಟುಕೊಂಡರು. ಮೊದಲ ಕೂಸುಗಳು ಉಳಿಯದಿದ್ದರೆ ಮುಂದಿನದನ್ನು ಮೊರದಲ್ಲಿ ಮಲಗಿಸಿ, ತವುಡಿಗೆ ಮಾರುವುದು ನಮ್ಮಲ್ಲಿ ರೂಢಿ. ಕೊಂಡವಳು ಬಾಯಿಗೆ ಬಂದ ಒಂದು ಒರಟು ಹೆಸರಿನಿಂದ ಕೂಸನ್ನು ಕರೆದು, ಸಾಕಲು ನಮಗೇ ಒಪ್ಪಿಸುತ್ತಾಳೆ. ಆಮೇಲೆ ಮನೆಯಲ್ಲಿ ಅದೇ ಅದರ ಹೆಸರು. ಪರರ ಕೂಸು, ಕೆಟ್ಟ ಹೆಸರು ಎಂದುಕೊಂಡು ಸಾವು ಅದನ್ನು ಬಿಟ್ಟು ಹೋಗುತ್ತದೆ ಎಂಬ ನಂಬಿಕೆ. ಒಂದೇ ಕಟ್ಟಳೆ: ಆ ಹೆಸರನ್ನು ಕೊಳ್ಳುವವಳಿಗೆ ಯಾರೂ ಹೇಳಿಕೊಡಬಾರದು. ಹೇಳಿಕೊಟ್ಟರೆ ವ್ಯಾಪಾರ ಸುಳ್ಳು, ಕಾಪೂ ಸುಳ್ಳು.

ಅತ್ತೆಯ ಮನೆ ಹೊಕ್ಕರೆ ಪಡಸಾಲೆಯಲ್ಲಿ ಆಗಲೇ ಒಂದು ಮೊರ, ಪಕ್ಕದಲ್ಲಿ ತವುಡು!

“ನಿಮ್ಮಲ್ಲೂ ಮಾರ್ತೀರಾ?” ಎಂದರು ನನ್ನ ತಾಯಿ.

“ಮಾರದೆ? ನನ್ನನ್ನೇ ಮಾರಿದ್ರು, ಸಂಬಂಧೀ!” ಎಂದರು ಅತ್ತೆ.

ಇಬ್ಬರೂ ಕೈ ಹಿಡಿದುಕೊಂಡು ನಕ್ಕರು. ಆ ನಗು ಎಲೆಅಡಿಕೆ ಹಾಕಿ ಮುಗಿಸುವಷ್ಟು ಹೊತ್ತು ಮಾತ್ರ ಇತ್ತು. ಕೊಳ್ಳುವವಳು ಯಾರು ಎಂಬ ಮಾತು ಬಂದಾಗ ಜಗಳ ಹತ್ತಿತು. ಅತ್ತೆ ಪಕ್ಕದ ಮನೆಯ ತಮಿಳು ಅಜ್ಜಿಯನ್ನು ಕರೆಸುವೆನೆಂದರು. “ಆಯಮ್ಮ ಕುಪ್ಪ ಗಿಪ್ಪ ಅಂತ ಕರುದ್ರೆ ನಮ್ ಬೀದೀಲಿ ಯಾರ್ ಬಾಯ್ಗೆ ಬಂದದು?” ಎಂದರು ತಾಯಿ. ಕೊನೆಗೆ, ಹೆರಿಗೆ ಮಾಡಿಸಿದ ಮೂಗೂರಿನ ಸೂಲಗಿತ್ತಿಯೇ ಕೊಳ್ಳಲಿ ಎಂದಾಯಿತು. ಒಳಗಿನಿಂದ ಹೆಂಡತಿ, “ಯಾರಾದ್ರೂ ಸರಿ. ಹೆಸರು ಅವಳ ಬಾಯಿಂದಲೇ ಬರಲಿ, ಅಷ್ಟೇ,” ಎಂದಳು.

ನಾನು ಮೈಸೂರಿನಲ್ಲಿ ಹೈಸ್ಕೂಲು ಓದಿದವನು. ನನ್ನ ಮಗನನ್ನು ತಿಪ್ಪ ಎಂದೋ ಕುಪ್ಪ ಎಂದೋ, ಕಸದ ಹೆಸರಿನಿಂದ ಕರೆಯುವುದನ್ನು ನೆನೆದರೆ ಮೈ ಮುದುಡುತ್ತಿತ್ತು. ಸೂಲಗಿತ್ತಿ ಕೈಕಾಲು ತೊಳೆಯಲು ಹೊಳೆಗೆ ಹೋದಾಗ ಹಿಂದೆಯೇ ಹೋಗಿ, ಒಂದು ಕಟ್ಟು ಹೊಗೆಸೊಪ್ಪು ಕೊಟ್ಟು, “ಗುಂಡ ಅಂತ ಕರೆ,” ಎಂದೆ.

“ತಪ್ಪಲ್ವಾ ಸಾ? ಯೋಳ್ಕೊಡಬಾರ್ದು ಅಂತಾರೆ.”

“ಓದಿದವನು ಹೇಳ್ತಿದೀನಿ. ಏನೂ ತಪ್ಪಿಲ್ಲ.”

ಅವಳು ಹಾಗೆಯೇ ಕರೆದಳು. “ಬಾರ್ಲಾ ಗುಂಡ!” ಎಂದಾಗ ಎರಡೂ ಕಡೆಯವರು ಸಂತೋಷದಿಂದ ಒಟ್ಟಿಗೆ ಕೂಗಿದರು. ಎಲ್ಲರಿಗಿಂತ ಜೋರಾಗಿ ಕೂಗಿದವನು ನಾನು.

ಐದನೆಯ ತಿಂಗಳಲ್ಲಿ ಹೆಂಡತಿ, ಮಗ ನಂಜನಗೂಡಿಗೆ ಬಂದರು. ಕೂಸು ಸೀನಿದರೂ ಹೆಂಡತಿ ನನ್ನ ಕಡೆ ತಿರುಗಿ, “ಆಯಮ್ಮ ತಾನಾಗೇ ಕರೆದದ್ದಲ್ವಾ?” ಎನ್ನುವಳು. “ತಾನಾಗೇ,” ಎನ್ನುವೆನು. ಒಮ್ಮೆ ಹೇಳಿದ್ದು ಸಲೀಸಾಗಿ ಹತ್ತು ಸಲವಾಯಿತು.

ಏಳನೆಯ ತಿಂಗಳಲ್ಲಿ ಜ್ವರ ಬಂತು. ಪಂಡಿತರು ಕಷಾಯ ಕೊಟ್ಟರೂ ಮೂರು ದಿನ ಇಳಿಯಲಿಲ್ಲ. ನಾಲ್ಕನೆಯ ಬೆಳಿಗ್ಗೆ ಕೂಸು ಮೊಲೆ ಹಿಡಿಯಲಿಲ್ಲ. ಅವಳು ಮತ್ತೆ ಅದನ್ನೇ ಕೇಳಿದಳು. ನನ್ನ ಓದು, ನನ್ನ ಜಂಬ ಯಾವುದೂ ಸಹಾಯಕ್ಕೆ ಬರಲಿಲ್ಲ. “ಇಲ್ಲ. ನಾನೇ ಹೇಳಿಕೊಟ್ಟೆ,” ಎಂದೆ.

ಅತ್ತಾಳು, ಬೈದಾಳು ಎಂದುಕೊಂಡಿದ್ದೆ. ಅವಳು ಎದ್ದು, ಮೊರ ತಂದು, ಕೂಸನ್ನು ಅದರಲ್ಲಿ ಮಲಗಿಸಿ, ಹಸುವಿಗೆ ಇಟ್ಟಿದ್ದ ತವುಡಿನಿಂದ ಒಂದು ಬೊಗಸೆ ತೆಗೆದುಕೊಂಡು ಬಾಗಿಲಿಗೆ ಹೋದಳು. ದೇವನೂರಿನ ಕಡೆಯ ಒಬ್ಬಳು ತರಕಾರಿ ಬುಟ್ಟಿ ಹೊತ್ತು ಬರುತ್ತಿದ್ದಳು.

“ಅಕ್ಕಾ, ಈ ತವುಡು ಹಿಡಿ. ನನಗೆ ಕೊಟ್ಟು ಈ ಕೂಸನ್ನ ತಗೋ.”

“ನಿಮ್ ತೌಡ ನಿಮ್ಗೇ ಕೊಟ್ಟು ಕೂಸ್ ತಕ್ಕಳದಾ? ಒಳ್ಳೆ ಯಾಪಾರ ಕಣವ್ವ!”

ಬುಟ್ಟಿ ಇಳಿಸಿ ಮೊರದ ಕಡೆ ಬಗ್ಗಿದವಳು ಕೂಸನ್ನು ಕಂಡು ನಗುವುದನ್ನು ನಿಲ್ಲಿಸಿದಳು. ಎಲ್ಲವೂ ಅರ್ಥವಾಯಿತೇನೋ. ಹೆಂಡತಿ ನನ್ನ ಕಡೆ ತಿರುಗಿ, “ನೀವು ಬೀದಿಗೆ ಹೋಗಿ. ಹೆಸರು ಬರೋವರೆಗೂ ಬಾಯಿ ಬಿಡಬೇಡಿ,” ಎಂದಳು.

ಎದುರು ಮನೆಯ ಗೋಡೆಗೆ ಒರಗಿ ನಿಂತೆ. ಅಂಗೈಯಿಂದ ನನ್ನ ಬಾಯಿ ಮುಚ್ಚಿಕೊಂಡಿದ್ದೆ. ಯಾವ ಹೆಸರಾದರೂ ಬರಲಿ, ತಿಪ್ಪ, ಕುಪ್ಪ, ಯಾವುದಾದರೂ, ಬೇಗ ಬರಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಆ ಹೆಂಗಸು ತವುಡು ಕೊಟ್ಟು, ಜ್ವರಕ್ಕೆ ಕಪ್ಪಿಟ್ಟಿದ್ದ ಮಗನನ್ನು ಎತ್ತಿಕೊಂಡು ಬೀದಿಗೆಲ್ಲ ಕೇಳುವಂತೆ ಕರೆದಳು:

“ಬಾರ್ಲಾ, ನನ್ ಬದ್ನೇಕಾಯಿ!”

ಒಳಗಿನಿಂದ ನನ್ನ ತಾಯಿ, “ಅಯ್ಯೋ, ಬದ್ನೇಕಾಯಾ!” ಎಂದರು. ನನಗೆ ನಗು, ಅಳು ಎರಡೂ ಒಟ್ಟಿಗೆ ಬಂದು, ಅಲ್ಲೇ ಕುಕ್ಕರಿಸಿದೆ.

ಜ್ವರ ಮಾರನೆಯ ದಿನ ಇಳಿಯಿತು. ಪಂಡಿತರ ಕಷಾಯದಿಂದಲೋ ತವುಡಿನಿಂದಲೋ, ನಾನು ವಾದಿಸುವವನಲ್ಲ. ಮನೆಯವರೆಲ್ಲ ಬದನೆ, ಬದನೆ ಎಂದು ಕೊಂಡಾಡುವಾಗ ನಾನು ಆ ಹೆಸರೆತ್ತಿದರೆ ಹೆಂಡತಿ ಕಣ್ಣಲ್ಲೇ ತಡೆಯುತ್ತಿದ್ದಳು. ಎರಡು ತಿಂಗಳು ನಾನು ಸ್ವಂತ ಮಗನನ್ನು “ಏಯ್” ಎಂದು ಕರೆದೆ. ಒಂದು ಸಂಜೆ ಅವನು ಅಂಬೆಗಾಲಿಟ್ಟು ಹೊಸಿಲು ದಾಟಿದ. ಅವಳ ಕೈ ತುಂಬ ಹಿಟ್ಟು. “ಹಿಡೀರಿ ಅವನ್ನ. ಕರೀರಿ,” ಎಂದಳು.

“ಏನಂತ?” ಎಂದೆ.

“ಅವನ ಹೆಸರಿಂದ,” ಎಂದಳು, ತಲೆ ಎತ್ತದೆ.

ಕರೆದೆ. ಅವನು ನಿಂತು, ತಿರುಗಿ ನನ್ನನ್ನು ನೋಡಿದ.