ಮೀಸಲು ಬಾಯಿ

ನಮ್ಮ ಯಜಮಾನರ ಮನೆತನದಲ್ಲಿ ಒಂದು ಕಟ್ಟಳೆ ಇದೆ. ಮನೆಗೆ ಮೊದಲು ಹುಟ್ಟುವ ಕೂಸಿನ ಬಾಯಿ ಮನೆದೇವರಿಗೆ ಮೀಸಲು. ಆರು ತಿಂಗಳು ತುಂಬಿ, ದೇವರ ಎಡೆಯ ಪಾಯಸ ನಾಲಿಗೆಗೆ ತಾಗುವ ತನಕ ತಾಯಿಹಾಲು ಬಿಟ್ಟು ಬೇರೆ ಒಂದು ತೊಟ್ಟೂ ಒಳಗೆ ಹೋಗಬಾರದು. ಕೇಳುವುದಕ್ಕೆ ಚೆಂದ. ನಾನೂ ಚೆಂದ ಅಂತಲೇ ನಂಬಿದ್ದೆ. ಶಿವಪೂಜೆ ಆಗದೆ ಬೆಳಗ್ಗೆ ನೀರು ಮುಟ್ಟದವಳು ನಾನು. ದೇವರ ಮೇಲೆ ನನಗೆ ತಕರಾರಿಲ್ಲ. ಸಿಟ್ಟಿರುವುದು ದೇವರ ಹೆಸರು ಹೇಳಿ ಕೂಸಿನ ಬಾಯಿಗೆ ಬೀಗ ಹಾಕುವವರ ಮೇಲೆ. ಆ ಬೀಗ ಕಾಯ್ದವರಲ್ಲಿ ನಾನೂ ಒಬ್ಬಳು, ಹಾಗಾಗಿ ನನ್ನ ಮೇಲೂ.

ನನ್ನ ಮಗ ಐದು ತಿಂಗಳವನಿದ್ದಾಗ ಭೇದಿ ಹತ್ತಿತು. ಒಂದೇ ದಿನಕ್ಕೆ ಕಣ್ಣು ಗುಳಿ ಬಿದ್ದವು. ಅತ್ತರೆ ಕಣ್ಣೀರೂ ಬರುತ್ತಿರಲಿಲ್ಲ. ಉಪ್ಪು ಸಕ್ಕರೆ ನೀರು ಕಲಸಿ ಚಮಚ ತಂದೆ. ಯಜಮಾನರ ಅಕ್ಕ, ನಾವೆಲ್ಲ ಅಕ್ಕಯ್ಯ ಅನ್ನುವವರು, ಚಮಚ ಕಿತ್ತುಕೊಂಡರು. “ಇನ್ನೊಂದು ತಿಂಗಳು ತಡಿ ಕಣಮ್ಮ, ಮೀಸಲು ಕೆಡಿಸ್ಬ್ಯಾಡ.” ಕಡೆಗೆ ಮಿಡಿಗೇಶಿಯಿಂದ ಮಧುಗಿರಿಗೆ ಓಡಿದೆವು. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದರು. ಅದಕ್ಕೆ ಅಕ್ಕಯ್ಯನ ತಕರಾರೇ ಇರಲಿಲ್ಲ. ಸೂಜಿಯಲ್ಲಿ ಹೋದದ್ದು ಬಾಯಿಗೆ ಬಂದ ಹಾಗಲ್ಲವಂತೆ! ಅವತ್ತು ಬಸ್ಸು ಹೊತ್ತಿಗೆ ಬಂತು, ಮಗು ಉಳಿಯಿತು, ಮೀಸಲೂ ಉಳಿಯಿತು. ಬಸ್ಸು ಬಂದದ್ದಕ್ಕೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ. ಆದರೆ ಆ ಚಮಚ ನಾನು ಯಾಕೆ ಬಿಟ್ಟುಕೊಟ್ಟೆ?

ಆ ಮಗನಿಗೆ ಈ ವರ್ಷ ಚೊಚ್ಚಲ ಹೆಣ್ಣುಮಗು. ಸೊಸೆಗೆ ತಾಯಿಯಿಲ್ಲ, ಬಾಣಂತನ ನಮ್ಮಲ್ಲೇ. ಸಿರಾದಿಂದ ಅಕ್ಕಯ್ಯ ಎರಡು ಚೀಲ ಹಿಡಿದು ಬಂದರು, ಬಾಣಂತನಕ್ಕೂ ಮೀಸಲು ಕಾಯುವುದಕ್ಕೂ.

ಒಂದೂವರೆ ತಿಂಗಳಿಗೆ ಅಂಗನವಾಡಿಯಲ್ಲಿ ಲಸಿಕೆ. ನಾವು ಮೂವರೂ ಕೂಸನ್ನು ಎತ್ತಿಕೊಂಡು ಹೋದೆವು. ಸಿಸ್ಟರ್ ಸೂಜಿಗಳನ್ನೂ ಎರಡು ಥರದ ಹನಿಗಳನ್ನೂ ಜೋಡಿಸಿಟ್ಟುಕೊಂಡರು. ಒಂದು ಪೋಲಿಯೊಗೆ, ಇನ್ನೊಂದು ಭೇದಿಗೆ. ಭೇದಿಗೂ ಹನಿ ಬಂದಿದೆ ಅಂತ ನನಗೆ ಅವತ್ತೇ ಗೊತ್ತಾದದ್ದು. ಅಷ್ಟರಲ್ಲಿ ಅಕ್ಕಯ್ಯ ಕೂಸಿನ ಬಾಯಿಗೆ ಅಂಗೈ ಅಡ್ಡ ಹಿಡಿದರು.

“ಸೂಜಿ ಎಷ್ಟು ಬೇಕಾದ್ರೂ ಚುಚ್ಚಮ್ಮ. ಬಾಯಿಗೆ ಮಾತ್ರ ಏನೂ ಬುಡಂಗಿಲ್ಲ.”

ಸಿಸ್ಟರ್ ನಕ್ಕೇಬಿಟ್ಟರು. “ಊರಲ್ಲೆಲ್ಲ ಸೂಜಿ ಬ್ಯಾಡ, ಹನಿ ಇದ್ರೆ ಹಾಕಿ ಅಂತಾರೆ. ನಿಮ್ದೇನಜ್ಜಿ ಉಲ್ಟಾ?”

“ನಮ್ದು ದೇವ್ರು ಕಣಮ್ಮ.”

“ನಿಮ್ ದೇವ್ರಿಗೆ ನಾನ್ ಬೇಕಾರೆ ಕಾಯಿ ಒಡೀತೀನಿ. ಭೇದಿ ಹೊಡೆಯೋದೇ ಇಂಥ ಸಣ್ಣ ಕೂಸುಗಳಿಗೆ. ಆರು ತಿಂಗಳು ಕಾಯ್ಬ್ಯಾಡಿ.”

ಅಕ್ಕಯ್ಯನ ಕೈ ಅಲುಗಲಿಲ್ಲ. ಸೊಸೆ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ತೊಡೆಗಳಿಗೆ ಸೂಜಿ ಚುಚ್ಚಿಸಿಕೊಂಡು ಕೂಸು ಕಿರುಚಿ ಕೆಂಪಾಯಿತು. ನೋವಿಲ್ಲದ ಹನಿ ಹಾಕಿಸದೆ, ನೋವಿನದನ್ನೆಲ್ಲ ಹಾಕಿಸಿಕೊಂಡು ಬಂದೆವು. ಇದಕ್ಕಿಂತ ಮೂರ್ಖತನ ಉಂಟೇ?

ಸೂಜಿಯಿಂದ ಬಂದ ಜ್ವರ ಇಳಿದಿದೆಯಾ ಅಂತ ಕೇಳಲು ಮಾರನೆಯ ದಿನ ಸಿಸ್ಟರ್ ಮನೆಗೆ ಬಂದರು. ಜ್ವರ ಇಳಿದಿತ್ತು, ಶಿವನ ದಯೆ. ಹೊರಡುವಾಗ ಜಗಲಿಯಲ್ಲಿ ಹೇಳಿದರು: “ಈ ಸೂಜಿಗಳನ್ನೂ ಬಾಯಿಗೆ ಹಾಕೋ ಹಂಗೆ ಮಾಡಕ್ಕೆ ದೊಡ್ಡದೊಡ್ಡ ಕಡೆ ಕೆಲಸ ನಡೀತೈತಂತೆ ಅಮ್ಮ. ಹೊಟ್ಟೆಯೊಳಗಿನ ಹುಳಿ ಮದ್ದನ್ನ ಕೆಡಿಸಿಬಿಡುತ್ತಂತೆ. ಅದನ್ನ ದಾಟಿಸೋದೇ ಕಷ್ಟವಂತೆ.”

ಆ ಓದಿದವರಿಗೆ ನನ್ನ ನಮಸ್ಕಾರ. ನೀವು ಹೊಟ್ಟೆ ದಾಟಿಸುವ ದಾರಿ ಹುಡುಕುತ್ತಿದ್ದೀರಿ. ಕೂಸಿಗೆ ನೋವಾಗದಿರಲಿ ಅಂತ ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದೀರಿ. ಅದು ಮಿಡಿಗೇಶಿಗೆ ಬಂದು ಮುಟ್ಟಿದಾಗ ನಮ್ಮ ಮನೆಯ ಒಂದು ಅಂಗೈ ದಾಟಲಾರದು. ಹೊಟ್ಟೆಯ ಹುಳಿಗೆ ಬೈದು ಏನು ಬಂತು!

ಮುಂದಿನ ನಾಲ್ಕು ವಾರ ಕೂಸು ಬಟ್ಟೆ ಕೆಡಿಸಿದಾಗಲೆಲ್ಲ ಭೇದಿಯೇನೋ ಅಂತ ಬಿಚ್ಚಿ ನೋಡುತ್ತಿದ್ದೆ. ಮಗನಿಗೆ ಹೇಳಿದರೆ “ಅತ್ತೆ ಹತ್ರ ಯಾರು ಜಗಳ ಆಡ್ತಾರಮ್ಮ” ಅಂದು ಸೋಲಾರ್ ಕೆಲಸಕ್ಕೆ ಪಾವಗಡದ ಬಸ್ಸು ಹತ್ತಿದ. ಯಜಮಾನರು ಪೇಪರ್ ಮುಖಕ್ಕೆ ಹಿಡಿದರು. ಕೂಸಿಗೆ ಏನೂ ಆಗಲಿಲ್ಲ. ದೇವರು ದೊಡ್ಡವನು, ನಮ್ಮ ತಪ್ಪಿಗೆ ಕೂಸನ್ನು ಹಿಡಿಯಲಿಲ್ಲ.

ಎರಡನೆಯ ಸಲ ಹೊರಡುವ ಬೆಳಗ್ಗೆ ಲಸಿಕೆ ಕಾರ್ಡು ತೆಗೆದು ಓದಿದೆ. ಮೊದಲ ಸಾಲಲ್ಲೇ ಇತ್ತು: ಹುಟ್ಟಿದಾಗ ಪೋಲಿಯೊ ಹನಿ. ಮುಂದೆ ಗುರುತು. ಹೆರಿಗೆ ವಾರ್ಡಿನಲ್ಲೇ ಹಾಕಿದ್ದಾರೆ, ನಾವು ಯಾರೂ ಕೇಳಿಲ್ಲ. ಓಡಿಹೋಗಿ ಅಕ್ಕಯ್ಯನ ಮುಂದೆ ಹಿಡಿದೆ.

“ನೋಡಿ, ಮೀಸಲು ಹುಟ್ಟಿದ ದಿನವೇ ಮುಗಿದಿದೆ. ದೇವ್ರು ಏನು ಮಾಡ್ದ?”

ಅಕ್ಕಯ್ಯ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. “ಅದು ಗೊತ್ತಿಲ್ದೆ ಆದದ್ದು, ದೋಷ ಇಲ್ಲ. ಗೊತ್ತಿದ್ದೂ ಮಾಡಿದ್ರೆ ದೋಷ.”

“ಹಂಗಾರೆ ದೋಷ ನನಗೇ ಇರ್ಲಿ!”

ನನ್ನ ದನಿ ನನಗೇ ಹೊಸದು. ಕೂಸನ್ನು ಎತ್ತಿಕೊಂಡೆ. ಸೊಸೆ ಚಪ್ಪಲಿ ಮೆಟ್ಟಿದಳು. ಅಕ್ಕಯ್ಯ ಹಿಂದೆಯೇ ಬಂದು ಅಂಗನವಾಡಿ ಬಾಗಿಲಲ್ಲಿ ನಿಂತರು. “ನೀನು ಪೂಜೆ ಮಾಡೋಳಾ? ದಿನಾ ವಿಭೂತಿ ಬಳ್ಕೊಂಡ್ರೆ ಸಾಕಾ?”

“ವಿಭೂತಿ ಹಚ್ಕೊಳ್ಳೋಕೆ ಹಣೆ ಐತೆ ಅಕ್ಕಯ್ಯ. ಆವತ್ತು ನನ್ನ ಮಗನ ಬಾಯಿಗೆ ಚಮಚ ನೀರು ಹಾಕಕ್ಕೆ ನಂಗೆ ಕೈ ಇರ್ಲಿಲ್ಲ.”

ನಾನು ಕೂಸಿನ ಕೆನ್ನೆ ಮೆಲ್ಲಗೆ ಒತ್ತಿ ಹಿಡಿದೆ. ಸಿಸ್ಟರ್ ಎರಡೂ ಹನಿ ಹಾಕಿದರು. ಕೂಸು ಮುಖ ಕಿವುಚಿ, ನುಂಗಿ, ಚಪ್ಪರಿಸಿತು. ಅಷ್ಟೇ. ಇಷ್ಟಕ್ಕೆ ಇಷ್ಟು ವರ್ಷ!

ಅಕ್ಕಯ್ಯ ಅವತ್ತೇ ಸಿರಾಗೆ ಹೊರಟರು. ಆರನೆಯ ತಿಂಗಳ ಎಡೆಗೆ ಬರುವುದಿಲ್ಲವಂತೆ. ಕುಂಕುಮ ಕೊಟ್ಟೆ, ತೆಗೆದುಕೊಳ್ಳಲಿಲ್ಲ. ನಾನು ಕಾಲು ಹಿಡಿದು ತಡೆಯಲೂ ಇಲ್ಲ.

ಸಂಜೆ ಸೊಸೆ ಕಾರ್ಡು ಹಿಡಿದು ಅಡುಗೆಮನೆಗೆ ಬಂದಳು. “ಅತ್ತೆ, ಇನ್ನೂ ಒಂದು ಸಲ ಐತೆ. ಆಗ ನಾನೇ ಎತ್ಕೊಂಡು ಹೋಗ್ಲಾ?”

“ಹೋಗು. ಯಾರನ್ನೂ ಕೇಳ್ಬ್ಯಾಡ,” ಅಂದೆ. ಆಮೇಲೆ ಸಿಟ್ಟಿನಲ್ಲೇ ಸೇರಿಸಿದೆ, “ನನ್ನನ್ನೂ ಕೇಳ್ಬ್ಯಾಡ.”