ಮಾವ ಎಂದು ಕರೆದ ಮೇಲೆ

ಮನೆ ಎಲ್ಲಿ ಎಂದು ಕೇಳದೆ ನರ್ಸ್ ಯಶ್ಮಿತಾ ಯಾವ ರೋಗಿಗೂ ಸೂಜಿ ಚುಚ್ಚಿದವಳಲ್ಲ. ಮಾತಿಗೆಳೆದರೆ ಅರ್ಧ ನೋವು ಇಳಿಯುತ್ತದೆ ಎಂಬುದು ಅವಳ ನಂಬಿಕೆ. ಬೋಟಿನಿಂದ ಇಳಿಯುವಾಗ ಜಾರಿ ಸೊಂಟ ಮುರಿದುಕೊಂಡ ಚೆನ್ನಪ್ಪರನ್ನೂ ತುಳುವಿನಲ್ಲಿ ಹಾಗೇ ಕೇಳಿದಳು. ಬೋಳಾರವಂತೆ. ಅವಳ ತವರೂ ಅದೇ. 'ಬರಿ' ಯಾವುದೆಂದು ವಿಚಾರಿಸಿದರೆ, ತಾಯಿಯ ಕಡೆಯಿಂದ ಬರುವ ಆ ಕುಲವೂ ಒಂದೇ!

"ಹಾಗಾದ್ರೆ ನೀವು ನನಗೆ ಮಾವ ಆಗ್ಬೇಕು ಮಾರಾಯ್ರೆ!" ಎಂದು ನಕ್ಕಳು.

ಚೆನ್ನಪ್ಪ ನಗಲಿಲ್ಲ. ಮದುವೆಯಲ್ಲಿ ಮುಂದೆ ನಿಂತು ಹರಸಬೇಕಾದ ಸೋದರಮಾವ ಅಕ್ಕನ ಮಗಳೆದುರು ಬೆತ್ತಲೆ ಮಲಗುವುದೇ? ಅವಳು ಡೈಪರ್ ಹಿಡಿದು ಬಂದರೆ ಹೊದಿಕೆಯನ್ನು ಮುಷ್ಟಿಯಲ್ಲಿ ಬಿಗಿಹಿಡಿದರು. ಒದ್ದೆಯಾದರೆ ತಾನೇ ಈ ಪಾಡು ಎಂದು ನೀರು ಕುಡಿಯುವುದನ್ನೇ ಬಿಟ್ಟರು. ಡ್ರಿಪ್ಪನ್ನೂ ಕಿತ್ತು ಹಾಕಿದರು. ಕಿಡ್ನಿ ಸೋಲುತ್ತಿದೆ, ಹೀಗಾದರೆ ಆಪರೇಷನ್ ಇಲ್ಲ, ಜೀವವೂ ಉಳಿಯದು ಎಂದರು ಡಾಕ್ಟರು. ಮಗ ಕಮಲೇಶ್ ಆಳಸಮುದ್ರದಲ್ಲಿದ್ದ, ಫೋನು ಸಿಗುತ್ತಿರಲಿಲ್ಲ.

ಯಶ್ಮಿತಾ ಹೆಡ್ ನರ್ಸ್ ಮುನೀರಾರಲ್ಲಿ ಗೋಗರೆದಳು. "ನರ್ಸ್ ಇಸಿದೋರ್ ಅವರನ್ನು ಒಮ್ಮೆ ಕಳಿಸಿ ಅಕ್ಕ. ಗಂಡಸಾದ್ರೆ ಒಪ್ತಾರೆ. ಇಲ್ಲದಿದ್ರೆ ನೀವಾದ್ರೂ ಬನ್ನಿ."

"ಅವರು ಐಸಿಯು ಬಿಟ್ಟು ಬರ್ಲಿಕ್ಕಿಲ್ಲ. ನನಗೆ ಎರಡು ವಾರ್ಡ್ ಉಂಟು. ಸಂಬಂಧ ಹುಡುಕ್ಲಿಕ್ಕೆ ಇದೆಂತ ಮದುವೆ ದಲ್ಲಾಳಿ ಆಫೀಸಾ?" ಎಂದರು ಮುನೀರಾ.

ಮತ್ತೆ ಮಂಚದ ಬಳಿ ಬಂದಳು. ವಾಸನೆಗೆ ಪಕ್ಕದ ರೋಗಿಯ ಮನೆಯವರು ಮೂಗಿಗೆ ಸೆರಗು ಹಿಡಿದಿದ್ದರು. ಚೆನ್ನಪ್ಪರ ತುಟಿ ಒಡೆದು ರಕ್ತ ಒಸರಿತ್ತು.

"ಮಾವ, ಕಾಲಿಗೆ ಬೀಳ್ತೇನೆ. ಒಂದು ಗುಟುಕು ನೀರು."

"ನೀನು ಹೋಗು ಮಗಾ. ಸಾಯ್ಲಿಕ್ಕೆ ನನಗೆ ನಾಚಿಕೆ ಇಲ್ಲ."

ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಅತ್ತಳು. ಅತ್ತು ಕೂರಲಿಕ್ಕೂ ಹೊತ್ತಿರಲಿಲ್ಲ. ಮುಖ ತೊಳೆದು ಮಾಸ್ಕ್ ಕಟ್ಟಿದಳು, ಟೊಪ್ಪಿಯನ್ನು ಹುಬ್ಬಿನವರೆಗೆ ಎಳೆದಳು, ಬಿಸಿನೀರು ತಂದು ಮಂಚದ ಸುತ್ತ ಪರದೆ ಎಳೆದಳು. ತುಳು ಬಿಟ್ಟು ಕನ್ನಡದಲ್ಲಿ, ಗುರುತೇ ಇಲ್ಲದವಳಂತೆ ಹೇಳಿದಳು:

"ನಾನು ಹೊಸ ನರ್ಸ್. ನಿಮ್ಮನ್ನು ಒರೆಸ್ಲಿಕ್ಕೆ ಬಂದದ್ದು."

ಚೆನ್ನಪ್ಪ ಅವಳ ಕಣ್ಣುಗಳನ್ನೇ ತುಂಬ ಹೊತ್ತು ನೋಡಿದರು. ಗೊತ್ತಾಗದೆ ಇರುತ್ತದೆಯೇ?

"ಆ ಹುಡುಗಿ?" ಅವರೂ ಕನ್ನಡದಲ್ಲೇ ಕೇಳಿದರು.

"ಅವಳು ಇನ್ನು ಬರುವುದಿಲ್ಲ."

ಮುಷ್ಟಿ ಮೆಲ್ಲಗೆ ಸಡಿಲವಾಯಿತು. ಚೆನ್ನಪ್ಪ ಮುಖವನ್ನು ಗೋಡೆಗೆ ತಿರುಗಿಸಿದರು. ಅವಳು ಒಂದು ಕಡೆ ಒರೆಸುವಾಗ ಇನ್ನೊಂದು ಕಡೆ ಹೊದಿಸುತ್ತ, ಎಲ್ಲ ಮುಗಿಸಿ, ನೀರಿನ ಲೋಟ ತುಟಿಗೆ ಹಿಡಿದಳು. ಅವರು ಕುಡಿದರು. ಕಿಡ್ನಿ ತಡೆದೀತೇ ಎಂದು ಯಾರೂ ಹೇಳುವಂತಿರಲಿಲ್ಲ.

"ಇನ್ನು ಸ್ವಲ್ಪ ಕೊಡಿ, ಸಿಸ್ಟರ್."

ಮಗಾ ಎನ್ನಲಿಲ್ಲ. ಅವಳೂ ಮಾವ ಎನ್ನಲಿಲ್ಲ, ಲೋಟ ತುಂಬಿಸಿದಳು.