ಸಂಕಷ್ಟಿಯ ಕಿಟಕಿ

ಕೊರೊನಾ ಮುಗಿದ ಮರುವರ್ಷ ನಾನು ದಾವಣಗೆರೆಯ ಶಾಮನೂರಿನ ಹೊಸ ಬಡಾವಣೆಯೊಂದರಲ್ಲಿ ಮನೆ ಕಟ್ಟಿಸುವ ಮೇಸ್ತ್ರಿಯಾಗಿದ್ದೆ. ನನ್ನ ಊರು ಹರಿಹರದ ಪಕ್ಕದ ಗುತ್ತೂರು. ಐದನೇ ಕ್ಲಾಸಿಗೆ ಶಾಲೆ ಬಿಟ್ಟು, ಅಬ್ಬಾನ ಹಿಂದೆ ಹೋಗಿ ಕರಣೆ ಹಿಡಿದವನು. ನಾನು ಎಬ್ಬಿಸಿದ ಗೋಡೆಗೆ ಇವತ್ತಿಗೂ ಯಾರು ಬೇಕಾದರೂ ತೂಗುಗುಂಡು ಬಿಟ್ಟು ನೋಡಬಹುದು. ಈ ಮಾತನ್ನು ಸಂಕೋಚವಿಲ್ಲದೆ ಹೇಳುತ್ತೇನೆ.

ಆ ಮನೆಯ ಯಜಮಾನ ಮಹೇಶಪ್ಪ. ಗೋಡೆ ಮೊಣಕಾಲೆತ್ತರ ಬಂದಾಗ ಅವರ ತಾಯಿ ಗಿರಿಜಮ್ಮ ಸೈಟು ನೋಡಲು ಬಂದರು. ಮುರಿದ ಸೊಂಟಕ್ಕೆ ಆಪರೇಷನ್ ಆಗಿತ್ತು, ವಾಕರ್ ಹಿಡಿದು ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಮೂಡಣಕ್ಕಿದ್ದ ಬೀದಿ ಕಡೆಯ ಕೋಣೆ ಅವರಿಗೆ ಎಂದು ಗೊತ್ತುಮಾಡಿದ್ದರು. ಅಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು ಕೇಳಿದರು:

"ಮೇಸ್ತ್ರಿ, ಇಲ್ಲಿ ಮಲಕ್ಕಂಡ್ರೆ ಚಂದ್ರ ಕಾಣ್ತಾನೇನಪ್ಪಾ?"

"ಯಾವತ್ತಿನ ಚಂದ್ರ ಅಮ್ಮಾರೇ? ಅವ್ನು ದಿನಾ ಒಂದೇ ಕಡೆ ಇರಲ್ಲಲ್ರಿ."

"ಸಂಕಷ್ಟಿ ಚಂದ್ರ."

ಹುಣ್ಣಿಮೆ ಕಳೆದ ನಾಲ್ಕನೇ ದಿನ ಸಂಕಷ್ಟಿ. ದಿನವಿಡೀ ಉಪವಾಸ ಇದ್ದು, ಚಂದ್ರನನ್ನು ಕಣ್ಣಾರೆ ಕಂಡು, ಆಮೇಲೆ ಊಟ. ಮದುವೆಯಾಗಿ ಬಂದಾಗಿನಿಂದ ಗಿರಿಜಮ್ಮ ಒಂದು ತಿಂಗಳೂ ತಪ್ಪಿಸಿರಲಿಲ್ಲ. ಹಳೇ ಮನೆಯಲ್ಲಿ ಮಾಳಿಗೆ ಹತ್ತುತ್ತಿದ್ದರು, ಇನ್ನು ಹತ್ತುವ ಹಾಗಿರಲಿಲ್ಲ.

"ರಂಜಾನಿಗೆ ನೀವು ಎಳೇ ಚಂದ್ರಂಗೆ ಕಾಯ್ತೀರಿ, ನಾವು ಸವೆದ ಚಂದ್ರಂಗೆ ಕಾಯ್ತೀವಿ" ಎಂದು ನಕ್ಕರು.

"ನಮ್ದು ನೋಡೋದ್ರೊಳಗೆ ಮುಳುಗ್ತೈತೆ, ನಿಮ್ದು ಬರೋದೇ ತಡ. ಎರಡೂ ಹೊಟ್ಟೆಗೆ ಕಷ್ಟನೇ ಅಮ್ಮಾ" ಅಂದೆ.

ಓದುವವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಮಾವಾಸ್ಯೆ ಕಳೆದ ಮೇಲಿನ ಎಳೇ ಚಂದ್ರ ಸಂಜೆ ಪಡುವಣದಲ್ಲಿ ಕಂಡು ಬೇಗ ಮುಳುಗುತ್ತಾನೆ. ದಿನದಿಂದ ದಿನಕ್ಕೆ ಮುಳುಗುವುದು ಮುಂದೆ ಹೋಗುತ್ತದೆ. ಹುಣ್ಣಿಮೆಗೆ ಸೂರ್ಯ ಆ ಕಡೆ ಇಳಿಯುವಾಗ ಇವನು ಈ ಕಡೆ ಹುಟ್ಟುತ್ತಾನೆ. ಆಮೇಲೆ ಹುಟ್ಟುವುದೇ ದಿನಾ ತಡ. ಸಂಕಷ್ಟಿಯ ಹೊತ್ತಿಗೆ ಒಂಬತ್ತು ಗಂಟೆಯ ಆಸುಪಾಸು ಆಗುತ್ತದೆ. ಹುಟ್ಟುವ ಜಾಗವೂ ಒಂದೇ ಅಲ್ಲ. ಬೇಸಿಗೆಯ ಸಂಕಷ್ಟಿ ಚಂದ್ರ ಆಗ್ನೇಯಕ್ಕೆ ಸರಿದಿರುತ್ತಾನೆ, ದಸರಾ ಹೊತ್ತಿಗೆ ಈಶಾನ್ಯದ ಕಡೆ ಬಂದಿರುತ್ತಾನೆ.

ಪ್ಲಾನಿನಲ್ಲಿದ್ದದ್ದು ಮೂರಡಿ ಕಿಟಕಿ. ಅದು ಸಾಲುವುದಿಲ್ಲ ಅನ್ನಿಸಿತು. ಆದರೆ ಎಷ್ಟು ಬೇಕು ಎಂದು ಬಾಯಿಮಾತಿಗೆ ಹೇಳುವವನು ನಾನಲ್ಲ. ಸಂಕಷ್ಟಿ ಬಂದಾಗಲೆಲ್ಲ ಹೊಸ ಗೋಡೆಗಳಿಗೆ ಕ್ಯೂರಿಂಗ್ ನೀರು ಹೊಡೆದು, ಮನೆಗೆ ಹೋಗದೆ ಅಲ್ಲೇ ಉಳಿದೆ. ಮಂಚ ಬರುವ ಕಡೆ ಇಟ್ಟಿಗೆ ಪೇರಿಸಿ, ಮಲಗಿದವರ ಕಣ್ಣಿನ ಎತ್ತರಕ್ಕೆ ತಲೆ ಇಟ್ಟು ನೋಡಿ ಗುರುತು ಹಾಕಿಕೊಂಡೆ. ಅದಕ್ಕಾಗಿ ಆ ಒಂದು ಗೋಡೆಯನ್ನು ಕೊನೆಗೆ ಉಳಿಸಿದೆ. ಉಕ್ಕಡಗಾತ್ರಿಯ ದೇವಸ್ಥಾನಕ್ಕೆ ಹೋಗಿಬರಲು ನಮ್ಮ ಆಳುಗಳು ಅಮಾವಾಸ್ಯೆಗೆ ರಜೆ ಹಾಕುತ್ತಾರೆ. "ಅವ್ರು ಚಂದ್ರ ಇಲ್ದಾಗ ಕೆಲ್ಸ ಬಿಡ್ತಾರೆ, ನೀವು ಇದ್ದಾಗ ಬಿಡ್ತೀರಿ" ಎಂದು ಮಹೇಶಪ್ಪ ಹಂಗಿಸಿದರು. ಆದರೂ ಏಳಡಿ ಕಿಟಕಿಗೆ ಒಪ್ಪಿದರು. ಎಂಜಿನಿಯರ್ ಅದರ ಮೇಲಿನ ಲಿಂಟಲ್‌ಗೆ ಕಬ್ಬಿಣ ಹೆಚ್ಚು ಹಾಕಿಸಿಕೊಟ್ಟರು.

ಗೃಹಪ್ರವೇಶವಾದ ಮೇಲಿನ ಮೊದಲ ಸಂಕಷ್ಟಿಗೆ ಗಿರಿಜಮ್ಮ ಫೋನ್ ಮಾಡಿಸಿದರು. "ಬಂದ ನೋಡಪ್ಪಾ. ದಿಂಬಿನಿಂದ ತಲೆ ಎತ್ತಲಿಲ್ಲ ನಾನು" ಅಂದರು. ನನ್ನ ಕೆಲಸಕ್ಕೆ ಅಂಥ ಮಾತು ಅದಕ್ಕೆ ಮೊದಲು ಯಾರೂ ಆಡಿರಲಿಲ್ಲ.

ಆ ಮನೆ ನೋಡಿಯೇ ರಸ್ತೆಯ ಆಚೆ ಬದಿಯ ಸೈಟಿನವರು ನನ್ನನ್ನು ಕರೆದರು. ಒಂದೇ ಅಂತಸ್ತು, ಆದರೆ ತಾರಸಿಯ ಮೆಟ್ಟಿಲುಕೋಣೆ ಸರಿಯಾಗಿ ಗಿರಿಜಮ್ಮನ ಕಿಟಕಿಯ ಎದುರಿಗೆ ಬರುತ್ತಿತ್ತು. ಹಿಂದಿನ ಮೂಲೆಗೆ ಹಾಕೋಣವೇ ಎಂದು ಕಾರಣ ಹೇಳಿ ಕೇಳಿದೆ.

"ಮೆಟ್ಲು ಯಾವ ಮೂಲ್ಯಾಗಿದ್ರೆ ನಂಗೇನ್ರಿ, ಹತ್ತಾಕೆ ಬಂದ್ರೆ ಸಾಕು" ಅಂದರು ಆ ಯಜಮಾನರು. ಗಿರಿಜಮ್ಮನ ಮುಖವನ್ನೂ ನೋಡಿರದ ಮನುಷ್ಯ ಹಾಗೆ ಒಪ್ಪಿಕೊಂಡರು.

ಆ ಮನೆಯೂ ಮುಗಿದು ಜನ ಬಂದು ನೆಲೆಸಿದ ಮೇಲೆ ಮಹೇಶಪ್ಪ ಕರೆಸಿದರು.

"ಮೇಸ್ತ್ರಿ, ಆ ಕಿಟಕಿ ಮುಚ್ಚಿಬಿಡ್ರಿ. ಹೊರಗಡೆ ಅದ್ರ ಮ್ಯಾಲೆ ಡಿಸೈನ್ ಕಲ್ಲು ಹಚ್ಚಿಸ್ತೀನಿ."

"ಯಾಕ ಸಾರ್?"

"ಎದುರಿನ ತಾರಸಿ ಮ್ಯಾಲೆ ನಿಂತೋರಿಗೆಲ್ಲ ಅಮ್ಮನ ಹಾಸಿಗಿ, ಉಚ್ಚೆ ಪಾಟು ಎಲ್ಲಾ ಕಾಣ್ತೈತೆ. ಬಂದೋರು ಏನಂತಾರೆ?"

"ಪರದೆ ಹಾಕ್ರಿ. ಸಂಕಷ್ಟಿಗೆ ಸರಿಸಿದ್ರಾತು."

"ಚಂದ್ರ ಹುಟ್ಟೋ ಟೈಮು ಮೊಬೈಲ್‌ನಾಗೆ ಬರ್ತೈತೆ ಬಿಡ್ರಿ. ನೋಡೇ ಉಣ್ಬೇಕು ಅಂತ ಯಾವ ದೇವ್ರು ಹೇಳ್ಯಾನೆ?"

ಕಟ್ಟಿದ ಕೈಯಲ್ಲೇ ಮುಚ್ಚುವುದಿಲ್ಲ, ಬೇರೆಯವರನ್ನು ನೋಡಿಕೊಳ್ಳಿ ಎಂದು ಹೇಳಿ ಬೈಕಿನ ಹತ್ತಿರ ಹೋದೆ. ಆಗ ಗಿರಿಜಮ್ಮ ಒಳಗಿನಿಂದ ಕೂಗಿದರು.

"ನೀನೇ ಮುಚ್ಚಪ್ಪಾ. ಬ್ಯಾರೆಯೋರಾದ್ರೆ ವಾರಗಟ್ಲೆ ಬಡಿತಾರೆ, ನನ್ನ ಸೊಂಟ ತಡೆಯಲ್ಲ. ನೀನು ಸದ್ದಿಲ್ದಂಗೆ ಮಾಡ್ತೀಯ."

"ನಿಮಗೆ ಬೇಕಾಗಿತ್ತಲ್ಲಮ್ಮಾ."

"ಬೇಕಾಗಿತ್ತು. ಅವ್ನಿಗೆ ಬ್ಯಾಡ ಅಂತೆ. ಇರೋದು ಅವ್ನ ಮನೆಯಾಗೆ ಅಲ್ಲೇನಪ್ಪಾ?"

ಚೌಕಟ್ಟನ್ನು ಬಡಿಯದೆ ಕೊಯ್ದು ತೆಗೆದೆ. ಇಟ್ಟಿಗೆಯನ್ನು ಹಳೆಯ ಗೋಡೆಯ ಹಲ್ಲಿಗೆ ಹಲ್ಲು ಕೂರಿಸಿ ಕಟ್ಟಿದೆ, ಸೇರಿದ ಕಡೆ ಬಿರುಕು ಬಿಡದಂತೆ ತಂತಿ ಜಾಳಿಗೆ ಹೊಡೆದು ಗಿಲಾವು ಮಾಡಿದೆ. ಕೆಟ್ಟ ಕೆಲಸ ಮಾಡಲು ನನಗೆ ಬರುವುದಿಲ್ಲ. ಪುಟ್ಟಿ ಹಚ್ಚಿದ ದಿನ ಮಹೇಶಪ್ಪ ಗೋಡೆಯ ಮೇಲೆ ಕೈಯಾಡಿಸಿ, "ಇಲ್ಲಿ ಕಿಟಕಿ ಇತ್ತು ಅಂತ ಆಣೆ ಮಾಡಿದ್ರೂ ನಂಬಲ್ಲ ನೋಡ್ರಿ" ಎಂದು ಹೊಗಳಿದರು.

ಒಳಗಡೆ ಬಣ್ಣದ ಎರಡನೇ ಕೋಟು ಮುಗಿಯುವಾಗ ರಾತ್ರಿಯಾಗಿತ್ತು. ಅವತ್ತು ಸಂಕಷ್ಟಿ ಎಂಬುದು ನನಗೆ ನೆನಪಿರಲಿಲ್ಲ. ಗಿರಿಜಮ್ಮನ ದಿಂಬಿನ ಪಕ್ಕದಲ್ಲಿದ್ದ ಮೊಬೈಲ್ ಬಡಿದುಕೊಂಡಿತು. ಸೊಸೆ ಬಂದು ಅದನ್ನು ನಿಲ್ಲಿಸಿ, "ಹುಟ್ಟೈತಂತೆ ಅತ್ತೇ, ಏಳ್ರಿ" ಅಂದರು. ಗಿರಿಜಮ್ಮ ಎದ್ದು ಕೂತು, ನಾನು ಬಳಿದ ಹಸಿ ಬಣ್ಣದ ಗೋಡೆಗೆ ಕೈ ಮುಗಿದರು. ಸೊಸೆ ತಟ್ಟೆ ತಂದಿಟ್ಟರು. ಗಿರಿಜಮ್ಮ ಎರಡು ತುತ್ತು ತಿಂದು ತಟ್ಟೆ ಸರಿಸಿದರು. ನನ್ನ ಕಡೆ ನೋಡಲಿಲ್ಲ. ನಾನು ಬ್ರಷ್ ತೊಳೆಯದೆ ಡಬ್ಬಿಯಲ್ಲೇ ಬಿಟ್ಟು ಹೊರಬಂದೆ.

ಈ ಕಸುಬು ಬಹಳ ಕಲಿಸಿದೆ, ಎಲ್ಲವೂ ಒಳ್ಳೆಯ ಪಾಠವೇನಲ್ಲ. ಕಟ್ಟಿದ್ದರ ಮೇಲೆ ಕಟ್ಟಿದವನಿಗೆ ಹಕ್ಕಿಲ್ಲ, ಅದರೊಳಗೆ ಮಲಗಿದವರಿಗೂ ಇಲ್ಲ. ಮೊದಲೆಲ್ಲ ಗೋಡೆ ಕಿಟಕಿಯ ಮಟ್ಟಕ್ಕೆ ಬಂದಾಗ ಈ ಕೋಣೆಯಲ್ಲಿ ಯಾರಿರುತ್ತಾರೆ ಎಂದು ಕೇಳುತ್ತಿದ್ದೆ. ಈಗ ಕೇಳುವುದಿಲ್ಲ. ಪ್ಲಾನಿನಲ್ಲಿ ಮೂರಡಿ ಎಂದಿದ್ದರೆ ಮೂರಡಿ ಬಿಡುತ್ತೇನೆ.